ಕಳೆದುಕೊಳ್ಳುವ ಎಲೆಯೇ ನೀರೆತ್ತುವ ಎಲೆ

ಮುಂಜಾನೆ ಗದ್ದೆಯ ಬದುವಿನ ಮೇಲೆ ನಿಂತು ನೋಡಿದರೆ ಭತ್ತದ ಪೈರಿನ ಎಲೆಎಲೆಯ ತುದಿಯಲ್ಲೂ ಒಂದೊಂದು ಹನಿ ಕೂತಿರುತ್ತದೆ. ನಾವದನ್ನು ಇಬ್ಬನಿ ಎಂದುಬಿಡುತ್ತೇವೆ. ಇಬ್ಬನಿಯಾಗಿದ್ದರೆ ಎಲೆಯ ಮೈಮೇಲೆಲ್ಲ ಹರಡಿ ಕೂರಬೇಕಿತ್ತು. ತುದಿಯನ್ನೇ ಹುಡುಕಿಕೊಂಡು ಕೂತ ಈ ಹನಿ ಗಾಳಿಯಿಂದ ಇಳಿದದ್ದಲ್ಲ, ಬುಡದಿಂದ ಏರಿ ಬಂದದ್ದು. ರಾತ್ರಿಯಿಡೀ ಬೇರು ಮಣ್ಣಿನ ಲವಣಗಳನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಲವಣ ಕೂಡಿದ ಕಡೆಗೆ ನೀರು ತಾನಾಗಿ ಸರಿಯುತ್ತದೆ, ಒಳಗೆ ಒತ್ತಡ ಹೆಚ್ಚುತ್ತದೆ, ಮಿಕ್ಕ ನೀರು ಎಲೆಯ ತುದಿಯ ಕಿಂಡಿಯಿಂದ ಹನಿಯಾಗಿ ಹೊರಬೀಳುತ್ತದೆ. ಇಷ್ಟನ್ನು ಕಂಡವರಿಗೆ ಬೇರೇ ಗಿಡದ ಪಂಪು ಎನ್ನಿಸಿದರೆ ಅದು ಸಹಜ. ಆದರೆ ಬಿಸಿಲೇರುತ್ತಿದ್ದಂತೆ ಆ ಹನಿಗಳು ಇಲ್ಲವಾಗುತ್ತವೆ, ಗಿಡ ಅತಿ ಹೆಚ್ಚು ನೀರೆತ್ತುವುದು ಆಮೇಲೆ. ಆ ದೊಡ್ಡ ಕೆಲಸ ಬೇರಿನದಲ್ಲ, ಎಲೆಯದು. ಎಲೆ ಅದನ್ನು ಮಾಡುವುದೂ ತನ್ನಲ್ಲಿದ್ದ ನೀರನ್ನು ಕಳೆದುಕೊಂಡೇ. ಈ ಮಾತು ನಿಜವಾದರೆ ಗಿಡ ಸಾಕುವ ನಮ್ಮ ರೀತಿಯೂ ಕೊಂಚ ಬದಲಾಗಬೇಕಾಗುತ್ತದೆ.

ತೆರೆದ ಬಾವಿಗೆ ಪಂಪು ಕೂರಿಸಿದ ರೈತರು ಒಂದು ಮಿತಿಯನ್ನು ಅನುಭವದಿಂದಲೇ ಬಲ್ಲರು. ದಂಡೆಯ ಮೇಲಿಟ್ಟ ಪಂಪು ಸುಮಾರು ಇಪ್ಪತ್ತೈದು ಅಡಿಗಿಂತ ಆಳದ ನೀರನ್ನು ಹೀರಲಾರದು. ನೀರು ತಗ್ಗಿದಂತೆ ಪಂಪನ್ನೂ ಬಾವಿಯೊಳಗೆ ಇಳಿಸಬೇಕು. ಏಕೆಂದರೆ ಪಂಪು ಮಾಡುವುದು ಕೊಳವೆಯ ಗಾಳಿಯನ್ನು ತೆಗೆಯುವ ಕೆಲಸವನ್ನಷ್ಟೇ, ನೀರನ್ನು ಮೇಲಕ್ಕೆ ಒತ್ತುವುದು ಹೊರಗಿನ ವಾತಾವರಣ. ಇಟಲಿಯ ಟೊರಿಚೆಲ್ಲಿ 1643ರ ಹೊತ್ತಿಗೇ ವಾತಾವರಣದ ಒತ್ತಡವನ್ನು ಪ್ರಯೋಗದಿಂದ ತೋರಿಸಿದ್ದರು. ಪಂಪು ಎಷ್ಟೇ ಚೆನ್ನಾಗಿದ್ದರೂ ಆ ಒತ್ತಡ ನೀರನ್ನು ಸುಮಾರು 10 ಮೀಟರಿಗಿಂತ ಮೇಲೆ ಒಯ್ಯಲಾರದು. ನಮ್ಮ ಮಲೆನಾಡಿನ ಅಡಿಕೆ ಮರವೇ ಈ ಎತ್ತರವನ್ನು ಸಲೀಸಾಗಿ ದಾಟುತ್ತದೆ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರವೊಂದು 115 ಮೀಟರನ್ನೂ ಮೀರಿದೆ, ಅದರ ತುದಿಯ ಎಲೆಯೂ ಹಸಿರಾಗಿದೆ. ಹಾಗಾದರೆ ಬೇರು ಕೆಳಗಿನಿಂದ ತಳ್ಳುತ್ತಿರಬಹುದಲ್ಲವೇ? ತಳ್ಳುತ್ತಿದ್ದರೆ ನಡುಹಗಲಿನಲ್ಲಿ ಕಡಿದ ಕೊಂಬೆಯ ಗಾಯದಿಂದ ನೀರು ಚಿಮ್ಮಬೇಕಿತ್ತು. ಆಗುವುದು ಅದಕ್ಕೆ ವಿರುದ್ಧ: ಕಡಿದ ಕಡೆಯಿಂದ ನೀರು ಒಳಕ್ಕೆ ಸರಿದುಹೋಗುತ್ತದೆ, ಬಿಗಿಯಾಗಿ ಎಳೆದ ಹಗ್ಗವನ್ನು ತುಂಡರಿಸಿದಾಗ ಅದರ ತುದಿ ಹಿಂದಕ್ಕೆ ಜಿಗಿಯುವ ಹಾಗೆ.

ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುಂಡದಲ್ಲಿದ್ದ ಸೂರ್ಯಕಾಂತಿ ಗಿಡವನ್ನು ಬೆಳಿಗ್ಗೆ, ಸಂಜೆ ತೂಗಿ, ಎಲೆಗಳಿಂದ ಎಷ್ಟು ನೀರು ಆರಿತೆಂದು ಲೆಕ್ಕ ಹಾಕಿದರು. ಎಲೆಗಳಿಂದ ನೀರು ಆರುವುದಕ್ಕೂ ಕೆಳಗಿನಿಂದ ನೀರು ಏರುವುದಕ್ಕೂ ನಂಟಿದೆಯೆಂದು 1727ರ ತಮ್ಮ ಪುಸ್ತಕದಲ್ಲಿ ಅವರು ತೋರಿಸಿದರು. ಆದರೂ ಕಾಂಡದೊಳಗಿನ ಜೀವಕೋಶಗಳೇ ಕೈಯಿಂದ ಕೈಗೆ ಕೊಡ ದಾಟಿಸಿದಂತೆ ನೀರನ್ನು ದಾಟಿಸುತ್ತವೆ ಎಂಬ ವಾದ ಬಹುಕಾಲ ಉಳಿಯಿತು. ಜರ್ಮನಿಯ ಎಡುವರ್ಡ್ ಸ್ಟ್ರಾಸ್‌ಬರ್ಗರ್ ಇದನ್ನು ನೇರವಾಗಿಯೇ ಪರೀಕ್ಷಿಸಿದರು. 20 ಮೀಟರಿಗೂ ಎತ್ತರದ ಓಕ್ ಮರವನ್ನು ಬುಡದಲ್ಲಿ ಕೊಯ್ದು ವಿಷದ ದ್ರಾವಣದಲ್ಲಿ ನಿಲ್ಲಿಸಿದರು. ವಿಷ ಹಾದಿಯುದ್ದಕ್ಕೂ ಕೋಶಗಳನ್ನು ಕೊಲ್ಲುತ್ತ ಏರಿತು, ಅದರ ಬೆನ್ನಿಗೆ ಕೊಟ್ಟ ಬಣ್ಣದ ನೀರೂ ತುದಿಯವರೆಗೆ ಏರಿತು. ಸತ್ತ ಕಾಂಡದಲ್ಲೂ ನೀರು ಏರಿತು ಎಂದರೆ ಅದನ್ನು ಏರಿಸುವ ಶಕ್ತಿ ಕಾಂಡದ ಜೀವದಲ್ಲಿಲ್ಲ. ನಮ್ಮ ಜಗದೀಶ್‌ಚಂದ್ರ ಬೋಸರು 1923ರಲ್ಲಿ ಇದೇ ವಿಷಯದ ಮೇಲೆ ಪುಸ್ತಕ ಬರೆದು, ಕಾಂಡದ ಜೀವಕೋಶಗಳು ಹೃದಯದ ಹಾಗೆ ಮಿಡಿದು ನೀರನ್ನು ಒತ್ತುತ್ತವೆ ಎಂದು ವಾದಿಸಿದರು. ಸಸ್ಯಗಳ ವಿದ್ಯುತ್ ಸ್ಪಂದನೆಯನ್ನು ಅಳೆಯುವುದರಲ್ಲಿ ಬೋಸರು ತಮ್ಮ ಕಾಲಕ್ಕಿಂತ ಬಹಳ ಮುಂದಿದ್ದರು. ಆದರೆ ನೀರಿನ ಏರಿಕೆಗೆ ಅವರು ಕೊಟ್ಟ ಕಾರಣ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ದೊಡ್ಡವರ ಮೇಲಿನ ಗೌರವ ಬೇರೆ, ಪುರಾವೆಯ ತೂಕ ಬೇರೆ. ವಿಜ್ಞಾನದಲ್ಲಿ ಎರಡಕ್ಕೂ ಜಾಗವಿದೆ.

ಪರೀಕ್ಷೆಯಲ್ಲಿ ನಿಂತ ವಿವರಣೆಯನ್ನು 1894ರ ಸುಮಾರಿಗೆ ಕೊಟ್ಟವರು ಡಬ್ಲಿನ್ನಿನ ವಿಜ್ಞಾನಿಗಳಾದ ಡಿಕ್ಸನ್ ಮತ್ತು ಜೋಲಿ. ನೀರಿನ ಕಣಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಕೂದಲೆಳೆಯಷ್ಟು ಸಪೂರವಾದ ಕೊಳವೆಯಲ್ಲಿ, ನಡುವೆ ಗಾಳಿ ಸೇರದಿದ್ದರೆ, ನೀರು ಎಳೆದರೂ ಹರಿಯದ ದಾರದಂತಿರುತ್ತದೆ. ಎಲೆಯೊಳಗಿನ ಕೋಶಗಳ ಒದ್ದೆ ಗೋಡೆಯಿಂದ ಒಂದು ಕಣ ಆವಿಯಾಗಿ ಪತ್ರರಂಧ್ರದಿಂದ ಹೊರಟರೆ ಅದರ ಹಿಂದಿನದು ಮುಂದೆ ಬರುತ್ತದೆ, ಆ ಸೆಳೆತ ಸಾಲುಸಾಲಾಗಿ ಇಳಿದು ಬೇರಿನ ತುದಿಯನ್ನು, ಅಲ್ಲಿಂದ ಮಣ್ಣನ್ನು ಮುಟ್ಟುತ್ತದೆ. ಇದಕ್ಕೆ ಬೇಕಾದ ಶಕ್ತಿ ಸೂರ್ಯನದು, ಮರದ ಖರ್ಚು ಬಹುಮಟ್ಟಿಗೆ ಹಾದಿ ಕಟ್ಟುವುದರಲ್ಲೇ ಮುಗಿದಿರುತ್ತದೆ. ಆ ಹಾದಿಯ ಕೋಶಗಳು ಬೆಳೆದು, ಗೋಡೆಯನ್ನು ಗಟ್ಟಿ ಮಾಡಿಕೊಂಡು, ಕೊನೆಗೆ ತಮ್ಮ ಒಳಗನ್ನೆಲ್ಲ ತಾವೇ ಕರಗಿಸಿಕೊಂಡು ಸಾಯುತ್ತವೆ. ಅವು ಹಾಗೆ ಬರಿದಾಗುವುದರಿಂದಲೇ ನೀರಿಗೆ ದಾರಿ ಸಿಗುತ್ತದೆ. ಸೆಳೆತ ಬರೀ ಊಹೆಯಲ್ಲ ಎಂಬುದಕ್ಕೆ 1965ರಲ್ಲಿ ಅಳತೆಯೇ ಸಿಕ್ಕಿತು. ವಿಜ್ಞಾನಿ ಶೋಲಾಂಡರ್ ಮತ್ತು ಸಂಗಡಿಗರು ಕೊಯ್ದ ರೆಂಬೆಯನ್ನು ಬಿಗಿಯಾದ ಪಾತ್ರೆಯಲ್ಲಿಟ್ಟು, ಒಳಕ್ಕೆ ಸರಿದ ನೀರು ಮತ್ತೆ ಕೊಯ್ದ ತುದಿಗೆ ಬರುವವರೆಗೆ ಗಾಳಿಯ ಒತ್ತಡ ಏರಿಸಿದರು. ಬೇಕಾದ ಒತ್ತಡವೆಷ್ಟೋ ರೆಂಬೆಯಲ್ಲಿದ್ದ ಸೆಳೆತವೂ ಅಷ್ಟೇ. ಉಪ್ಪುನೀರಿನಲ್ಲಿ ನಿಲ್ಲುವ ಕಾಂಡ್ಲ ಗಿಡಗಳಲ್ಲಿ ಅದು ವಾತಾವರಣದ ಒತ್ತಡದ 30 ಪಟ್ಟನ್ನೂ ಮೀರಿತ್ತು.

ಇಷ್ಟು ಬಿಗಿಯಾಗಿ ಎಳೆದರೆ ದಾರ ಹರಿಯುವುದಿಲ್ಲವೇ ಎಂದು ಕೇಳಬಹುದು. ಹರಿಯುತ್ತದೆ. ಬರಗಾಲದಲ್ಲಿ ಕೊಳವೆಗಳೊಳಗೆ ಗಾಳಿಯ ಗುಳ್ಳೆ ಮೂಡುತ್ತದೆ, ಆ ಹರಿಯುವಿಕೆಯ ಸಣ್ಣ ಸದ್ದನ್ನು ಸಂಶೋಧಕರು ಉಪಕರಣಗಳಿಂದ ಕೇಳಿಸಿಕೊಂಡಿದ್ದಾರೆ. ಆದರೆ ಮರದಲ್ಲಿ ಕೊಳವೆ ಒಂದಲ್ಲ, ಲಕ್ಷಗಟ್ಟಲೆ. ಅವುಗಳ ನಡುವಿನ ನವಿರಾದ ಪೊರೆ ನೀರನ್ನು ಬಿಡುತ್ತದೆ, ಗುಳ್ಳೆಯನ್ನು ತಡೆಯುತ್ತದೆ, ನೀರು ಪಕ್ಕದ ಕೊಳವೆಯಲ್ಲಿ ಸುತ್ತಿ ಹೋಗುತ್ತದೆ. ದಾರ ಹರಿಯಬಲ್ಲದು ಎಂಬ ಆಕ್ಷೇಪ ಈ ವಿವರಣೆಯನ್ನು ಕೆಡವುವುದಿಲ್ಲ, ಮರಕ್ಕೆ ಮಿತಿಯೊಂದು ಏಕಿದೆ ಎಂಬುದನ್ನು ತಿಳಿಸುತ್ತದೆ. ರೆಡ್‌ವುಡ್ ಮರಗಳನ್ನು ಹತ್ತಿ ಅಳೆದವರು 2004ರಲ್ಲಿ ಹೇಳಿದಂತೆ, ಮರವೊಂದು ಹೆಚ್ಚೆಂದರೆ 122ರಿಂದ 130 ಮೀಟರ್ ಎತ್ತರ ಬೆಳೆಯಬಲ್ಲದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳವಾದದ್ದು. ಹೀರಿದ ನೀರಿನಲ್ಲಿ ನೂರಕ್ಕೆ ತೊಂಬತ್ತೈದು ಪಾಲಿಗೂ ಹೆಚ್ಚು ಗಾಳಿಗೆ ಹೋಗುವುದಾದರೆ ಅದು ದುಂದಲ್ಲವೇ? ಎಲೆಗೆ ಇಂಗಾಲದ ಡೈಆಕ್ಸೈಡ್ ಬರುವುದು ಪತ್ರರಂಧ್ರದ ಬಾಗಿಲಿನಿಂದ, ನೀರು ಹೋಗುವುದೂ ಅದರಿಂದಲೇ. ಬಾಗಿಲು ಮುಚ್ಚಿದರೆ ನೀರು ಉಳಿಯುತ್ತದೆ, ಅನ್ನ ನಿಲ್ಲುತ್ತದೆ. ಹೋಗುವ ನೀರು ಎಲೆಯನ್ನು ತಂಪಾಗಿಡುತ್ತದೆ, ಮಣ್ಣಿನ ಸಾರವನ್ನು ಚಿಗುರಿಗೆ ಮುಟ್ಟಿಸುತ್ತದೆ. ದುಂದನ್ನು ತಗ್ಗಿಸುವ ದಾರಿಯನ್ನೂ ಗಿಡಗಳು ಕಂಡುಕೊಂಡಿವೆ. ಕತ್ತಾಳೆ, ಅನಾನಸು ರಾತ್ರಿಯ ತಂಪಿನಲ್ಲಿ ಬಾಗಿಲು ತೆರೆಯುತ್ತವೆ. ನಮ್ಮ ರಾಗಿ ಸಿಕ್ಕ ಇಂಗಾಲವನ್ನು ಚೆನ್ನಾಗಿ ಹಿಡಿದುಕೊಳ್ಳುವ ಜಾತಿಯದು, ಹಾಗಾಗಿ ಅಷ್ಟೇ ಅನ್ನಕ್ಕೆ ಭತ್ತಕ್ಕಿಂತ ಕಡಿಮೆ ನೀರು ಬಿಡುತ್ತದೆ. ಗಾಳಿಗೆ ಹೋಗದೆ ಮಿಕ್ಕ ಚೂರು ನೀರಿನ ಕೆಲಸವೇ ಬೆಳವಣಿಗೆ. ಎಳೆಯ ಕೋಶದ ಗೋಡೆ ಸಡಿಲಗೊಂಡಾಗ ನೀರು ಒಳನುಗ್ಗಿ ಅದನ್ನು ಉಬ್ಬಿಸುತ್ತದೆ, ಚಿಗುರು ಉದ್ದವಾಗುವುದು ಹೀಗೆ. ಆದ್ದರಿಂದ ನೀರಿನ ಕೊರತೆಯಾದಾಗ ಎಲೆ ಬಾಡುವುದಕ್ಕೂ ಮೊದಲೇ ಬೆಳವಣಿಗೆ ನಿಂತಿರುತ್ತದೆ. ಬಾಡಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ನಷ್ಟ ಆಗಿಹೋಗಿರುತ್ತದೆ.

ಈಗ ನಮ್ಮ ಕೈಯಲ್ಲಿರುವ ಗಿಡದ ಮಾತು. ಬದನೆ, ಮೆಣಸಿನ ಸಸಿಗಳನ್ನು ಸಂಜೆ ನೆಡುವುದು, ಎಲೆ ಕೊಂಚ ಸವರುವುದು, ಎರಡು ದಿನ ಸೊಪ್ಪಿನ ನೆರಳು ಮಾಡುವುದು ರೈತರ ಹಳೆಯ ಪದ್ಧತಿ. ಕೀಳುವಾಗ ಬೇರಿನ ನವಿರಾದ ರೋಮಗಳು ಹರಿದಿರುತ್ತವೆ, ಎಲೆಯ ಸೆಳೆತ ಮಾತ್ರ ಹಾಗೇ ಇರುತ್ತದೆ. ಕೊಡುವ ಬೇರು ಸುಧಾರಿಸಿಕೊಳ್ಳುವ ತನಕ ಕೇಳುವ ಎಲೆಯನ್ನು ತಣ್ಣಗಿರಿಸಬೇಕು ಎಂಬ ತಿಳಿವು ಆ ಪದ್ಧತಿಯಲ್ಲಿದೆ. ನಮ್ಮ ಊರುಗಳ ಬೀದಿ ಮರಗಳಿಗೂ ಇದೇ ಲೆಕ್ಕ. ಬುಡಕ್ಕೆ ಒತ್ತಿ ಕಾಂಕ್ರೀಟು ಹಾಕಿದರೆ ಸೆಳೆತದ ಕೆಳತುದಿಗೆ ಸಿಗಬೇಕಾದ ನೀರೂ ಗಾಳಿಯೂ ತಪ್ಪುತ್ತವೆ, ಮೇಲಿನ ಕೊಂಬೆಗಳನ್ನೆಲ್ಲ ಬೋಳಿಸಿದರೆ ನೀರೆಳೆಯುವ ಎಲೆಗಳೇ ಹೋಗುತ್ತವೆ. 1950ರಿಂದ ಪ್ರತಿ ಜುಲೈಯಲ್ಲಿ ವನಮಹೋತ್ಸವ ಆಚರಿಸುತ್ತ ಬಂದಿದ್ದೇವೆ. ಮಳೆಗಾಲದ ಒದ್ದೆ ಗಾಳಿಯಲ್ಲಿ ಎಲೆಯ ಸೆಳೆತ ಕಡಿಮೆ, ಮಣ್ಣೂ ಹಸಿ, ಆಗ ಸಸಿ ಹಸಿರಾಗಿ ನಿಲ್ಲುವುದು ದೊಡ್ಡ ಮಾತಲ್ಲ. ಆದರೆ ಮಾರ್ಚಿನ ಒಣಗಾಳಿ ಎಲೆಯನ್ನು ಸೆಳೆಯುವಾಗ ಬುಡದ ಮಣ್ಣು ಅದಕ್ಕೆ ನೀರು ಕೊಡುವಂತಿರಬೇಕು. ಮೊದಲ ಬೇಸಿಗೆ ದಾಟುವ ತನಕ ಬುಡದ ಸುತ್ತ ಪಾತಿ, ಅದರ ಮೇಲೆ ತರಗೆಲೆಯ ಹೊದಿಕೆ, ವಾರಕ್ಕೊಂದೆರಡು ಕೊಡ ನೀರು ನಮ್ಮ ಹೊಣೆ. ನೆಟ್ಟ ಸಸಿಗಳನ್ನು ಎಣಿಸಬೇಕಾದದ್ದು ನೆಟ್ಟ ದಿನವಲ್ಲ, ಅವು ಮೊದಲ ಬೇಸಿಗೆ ದಾಟಿದ ದಿನ.