ಸ್ಫೂರ್ತಿಯ ಸೆಲೆ ನಮ್ಮ ಅಂಗಳದಲ್ಲೇ ಇದೆ

(ಇಡಗುಂದಿಯಲ್ಲಿ ವಿದ್ಯಾರ್ಥಿಗಳು ಹಾಗೂ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)





ಕವಿಗಳಿಗೆ, ಕಲಾವಿದರಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ, ಅವರು ತಮ್ಮ ಕಲೆಯನ್ನು ಹೇಗೆ ಬೆಳೆಸಿಕೊಳ್ಳುತ್ತಾರೆ ಎಂಬುದರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಕೇಳಿಕೊಂಡಿದ್ದಾರೆ. ಈ ವಿಷಯ ಬಂದಾಗಲೆಲ್ಲ ನಮ್ಮ ಮಕ್ಕಳು ಒಂದೇ ಮಾತು ಹೇಳುತ್ತಾರೆ: "ಅದೆಲ್ಲ ದೇವರು ಕೊಟ್ಟ ವರ, ನಮಗೆಲ್ಲಿಂದ ಬರಬೇಕು? ನಮ್ಮದು ಕಾಡಿನ ನಡುವಿನ ಸಣ್ಣ ಊರು, ಮನೆಯಲ್ಲಿ ಆಡುವ ಭಾಷೆ ಬೇರೆ, ಶಾಲೆಯಲ್ಲಿ ಓದುವ ಭಾಷೆ ಬೇರೆ." ಪ್ರತಿಭೆ ದೇವರ ಕೊಡುಗೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಬೀಜ ಮಾತ್ರ. ನೆಲ ಹದ ಮಾಡಿ ನೀರೆರೆಯುವ ಕೆಲಸ ನಮ್ಮದು. ಆ ನೆಲ ದೂರದಲ್ಲಿಲ್ಲ, ನಮ್ಮ ಕಾಲಡಿಯಲ್ಲೇ ಇದೆ. ಇದಿಷ್ಟೇ ನಾನು ಇಂದು ಹೇಳಬೇಕಾದದ್ದು.

ಮೊದಲು ನಮ್ಮ ತಾಲೂಕಿನ ಉದಾಹರಣೆಯನ್ನೇ ನೋಡೋಣ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳನ್ನು ನೀವೆಲ್ಲ ಕಂಡಿದ್ದೀರಿ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದವಿಲ್ಲದೆ ಸಿದ್ದಿಗಳ ಮನೆಗಳಲ್ಲಿ ಈ ಕೆಲಸ ನಡೆದು ಬಂದಿದೆ. ಹೊಸ ಬಟ್ಟೆಯನ್ನು ಅವರು ಅಂಗಡಿಯಿಂದ ತರುವುದಿಲ್ಲ. ಹಳೆಯ ಸೀರೆ, ಹರಿದ ಅಂಗಿ, ಮಗುವಿಗೆ ಚಿಕ್ಕದಾದ ಲಂಗ, ಇವೇ ಅವರ ಸಾಮಗ್ರಿ. ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ಹೊಲಿಯುತ್ತ ನಡುವಿಗೆ ಬರುತ್ತಾರೆ. ಯಾವ ತುಂಡಿನ ಪಕ್ಕ ಯಾವ ಬಣ್ಣ ಕೂರಬೇಕೆಂದು ಕೈ ಮತ್ತು ಕಣ್ಣು ಸೇರಿ ನಿರ್ಧರಿಸುತ್ತವೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೂವಿನಂತೆ ಕೂರಿಸಿದ ಮೇಲೆಯೇ ಕೌದಿ ಪೂರ್ತಿಯಾದಂತೆ. ಚಳಿಗೆ ಹೊದೆಯಲು ಆ ಹೂವು ಬೇಕೇ? ಬೇಡ. ಆದರೂ ಅದಿಲ್ಲದಿದ್ದರೆ ಹೊಲಿದವಳಿಗೆ ಸಮಾಧಾನವಿಲ್ಲ. ಉಪಯೋಗದ ವಸ್ತು ಕಲೆಯಾಗುವುದು ಅಲ್ಲಿಯೇ. ಈ ಕೌದಿಗಳು ಇಂದು ಅಮೆರಿಕಾದ ಸಂಗ್ರಹಾಲಯಗಳಲ್ಲಿಯೂ ಪ್ರದರ್ಶನಗೊಂಡಿವೆ. ಇದನ್ನು ಹೊಲಿದವರು ಯಾವ ಕಲಾಶಾಲೆಗೂ ಹೋದವರಲ್ಲ. ಅಜ್ಜಿಯ ಪಕ್ಕದಲ್ಲಿ ಕೂತು, ಕೈ ನೋಡಿ ಕಲಿತವರು.

ಮುಂಡಗೋಡ ದಾಟಿದರೆ ಶಿಗ್ಗಾವಿ ತಾಲೂಕು. ಅಲ್ಲಿಯ ಶಿಶುವಿನಹಾಳದ ಶರೀಫ ಸಾಹೇಬರು (1819-1889) ಕೆಲಕಾಲ ಶಾಲಾ ಶಿಕ್ಷಕರಾಗಿದ್ದವರು. ಅವರ ಹಾಡುಗಳಿಗೆ ವಸ್ತುವಾದದ್ದು ಏನು? ಮಳೆಗೆ ಸೋರುವ ಮಾಳಿಗೆ, ಬೀಸುವ ಕಲ್ಲು, ಸಂತೆ, ಕೋಳಿ, ಹಾವು. ಇವೆಲ್ಲ ಹಳ್ಳಿಯ ಪ್ರತಿಯೊಬ್ಬನೂ ದಿನಾ ನೋಡುತ್ತಿದ್ದಂಥವು. ಎಲ್ಲರೂ ಕಂಡದ್ದರಲ್ಲಿ ಶರೀಫರು ಬದುಕಿನ ಅರ್ಥವನ್ನು ಕಂಡರು. ಆ ಕಣ್ಣು ಅವರಿಗೆ ತಾನಾಗಿ ಬಂದದ್ದೇ? ಕಳಸದ ಗೋವಿಂದಭಟ್ಟರೆಂಬ ಗುರುವಿನ ಬಳಿ ಕಲಿತರು. ಗುರು ಬ್ರಾಹ್ಮಣ, ಶಿಷ್ಯ ಮುಸಲ್ಮಾನ. ಕಲಿಕೆಗೆ ಅದು ಅಡ್ಡ ಬರಲಿಲ್ಲ. ಸ್ಫೂರ್ತಿ ಹತ್ತಿರದಲ್ಲಿದ್ದರೂ ಅದನ್ನು ತೋರಿಸಲು ಒಬ್ಬ ಗುರು ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಪ್ರೊ. ಕೆ.ಎಸ್. ನಿಸಾರ್ ಅಹಮದ್ ಅವರ ಹೆಸರು ಕೇಳದ ಕನ್ನಡಿಗರಿಲ್ಲ. 1936ರಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿ 2020ರಲ್ಲಿ ನಿಧನರಾದ ಈ ಕವಿ ಓದಿದ್ದು ಸಾಹಿತ್ಯವನ್ನಲ್ಲ, ಭೂವಿಜ್ಞಾನವನ್ನು. ಕಲ್ಲು, ಮಣ್ಣು, ಖನಿಜಗಳ ಪಾಠ ಹೇಳುತ್ತಲೇ ಅವರು ಕವಿಯಾದರು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲೂ ಅಧ್ಯಾಪಕರಾಗಿದ್ದರು. ನಮ್ಮ ಸಿದ್ದಾಪುರದ ಗಡಿಯಲ್ಲೇ ಧುಮುಕುವ ಜೋಗ ಅವರ 'ನಿತ್ಯೋತ್ಸವ' ಗೀತೆಯಲ್ಲಿ ನಾಡಿನ ಸಿರಿಯಾಗಿ ನಿಂತಿದೆ. ಆದರೆ ಒಂದು ಲೆಕ್ಕ ಗಮನಿಸಿ. ಅವರ ಮೊದಲ ಸಂಕಲನ 'ಮನಸು ಗಾಂಧಿಬಜಾರು' 1960ರಲ್ಲಿ ಬಂತು, 'ನಿತ್ಯೋತ್ಸವ' ಸಂಕಲನ 1976ರಲ್ಲಿ. ನಡುವೆ ಹದಿನಾರು ವರ್ಷಗಳ ದುಡಿಮೆಯಿದೆ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಧ್ವನಿಸುರುಳಿ ಬಂದ ಮೇಲೆ ಅದು ಮನೆಮನೆಯ ಹಾಡಾಯಿತು. ಜೋಗವನ್ನು ನೋಡಿದವರು ಲಕ್ಷಾಂತರ ಜನ. ಹದಿನಾರು ವರ್ಷ ಮಾತನ್ನು ತಿದ್ದಿ ತೀಡಿದವರಿಗೆ ಮಾತ್ರ ಅದು ಹಾಡಾಗಿ ಒಲಿಯಿತು.

"ನಮ್ಮ ಮನೆಮಾತು ಕನ್ನಡವಲ್ಲ" ಎನ್ನುವ ಮಕ್ಕಳಿಗೆ ಈಗ ಎರಡು ಮಾತು. ಶ್ರೀಮತಿ ಸಾರಾ ಅಬೂಬಕರ್ ಅವರು 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು. ಮನೆಮಾತು ಮಲಯಾಳಂ, ಕಲಿತದ್ದು ಕನ್ನಡ ಶಾಲೆಯಲ್ಲಿ. ಮದುವೆಯಾಗಿ, ನಾಲ್ಕು ಗಂಡುಮಕ್ಕಳನ್ನು ಬೆಳೆಸಿ, ನಲವತ್ತು ದಾಟಿದ ಮೇಲೆ ಲೇಖನಿ ಹಿಡಿದರು. 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ವಾರಪತ್ರಿಕೆಗೆ ಬರೆಯುವವರು ಸ್ಫೂರ್ತಿ ಬರಲೆಂದು ಕಾಯುತ್ತ ಕೂರಲಾಗದು. ಪ್ರತಿ ವಾರ ಬರೆದು ಕಳಿಸಲೇಬೇಕು. ಆ ಶಿಸ್ತೇ ಎಷ್ಟೋ ಬರಹಗಾರರನ್ನು ರೂಪಿಸಿದೆ.

ಶ್ರೀಮತಿ ಬಾನು ಮುಷ್ತಾಕ್ ಅವರು 1948ರಲ್ಲಿ ಹಾಸನದಲ್ಲಿ ಜನಿಸಿದವರು. ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರುವಾಗ, ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕೆಂದು ಷರತ್ತು ಹಾಕಿದ್ದರಂತೆ. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಮುಂದೆ ಪತ್ರಕರ್ತೆಯಾಗಿ, ವಕೀಲೆಯಾಗಿ ತಮ್ಮ ಬಳಿ ಬಂದ ಹೆಣ್ಣುಮಕ್ಕಳ ಕಣ್ಣೀರು ಕಂಡರು. ಅದೇ ಕಥೆಯಾಯಿತು. 1990ರಿಂದ 2023ರವರೆಗೆ ಬರೆದವುಗಳಲ್ಲಿ ಆಯ್ದ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿಯವರು ಇಂಗ್ಲಿಷಿಗೆ ಅನುವಾದಿಸಿದರು. 'ಹಾರ್ಟ್ ಲ್ಯಾಂಪ್' ಎಂಬ ಆ ಸಂಕಲನಕ್ಕೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ದೊರೆಯಿತು. ಕನ್ನಡಕ್ಕೆ ಅದು ಮೊದಲ ಬಾರಿ. ಆಗ ಲೇಖಕಿಗೆ ಎಪ್ಪತ್ತೇಳು ವರ್ಷ.

ಬೊಳುವಾರು ಮಹಮದ್ ಕುಂಞಿ ಅವರು ಬ್ಯಾಂಕಿನ ನೌಕರಿ ಮಾಡುತ್ತಲೇ ಮುತ್ತುಪ್ಪಾಡಿ ಎಂಬ ಕಾಲ್ಪನಿಕ ಹಳ್ಳಿ ಕಟ್ಟಿ, ತಾವು ಕಂಡ ಮುಸ್ಲಿಂ ಬದುಕನ್ನೆಲ್ಲ ಅಲ್ಲಿ ನೆಲೆಗೊಳಿಸಿದರು. 'ಸ್ವಾತಂತ್ರ್ಯದ ಓಟ' ಕಾದಂಬರಿಗೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಾಗಾದರೆ ಇಡಗುಂದಿ ಏಕೆ ಕಥೆಯಾಗಬಾರದು? ಅರಬೈಲ್ ಘಟ್ಟ ಏರಿ ಬರುವ ಲಾರಿಯವರು, ಅಡಿಕೆ ಸುಲಿಯುವ ಹೆಂಗಸರು, ಮಳೆಗಾಲದಲ್ಲಿ ಶಾಲೆಗೆ ನಡೆದು ಬರುವ ಮಕ್ಕಳು, ಇವರ ಕಥೆಯನ್ನು ಹೊರಗಿನವರು ಬಂದು ಬರೆಯಬೇಕೇ?

ವಿದ್ಯಾರ್ಥಿ ಮಿತ್ರರೇ, ಈ ಹಿರಿಯರ ಬದುಕಿನಿಂದ ಕಲಿಯಬಹುದಾದದ್ದನ್ನು ಹೀಗೆ ಹೇಳಬಹುದು. ಮೊದಲನೆಯದು, ಕಂಡದ್ದನ್ನು ಗುರುತು ಹಾಕಿಕೊಳ್ಳಿ. ಒಂದು ಸಣ್ಣ ನೋಟ್‌ಬುಕ್ ಸಾಕು. ಎರಡನೆಯದು, ಒಂದು ಪುಟ ಬರೆಯುವ ಮೊದಲು ಹತ್ತು ಪುಟ ಓದಿ. ಮೂರನೆಯದು, ಬರೆದದ್ದನ್ನು ತಿಳಿದವರಿಗೆ ತೋರಿಸಿ, ಅವರು ತಿದ್ದಿದರೆ ಮುಖ ಬಾಡಿಸಿಕೊಳ್ಳಬೇಡಿ. ನಾಲ್ಕನೆಯದು, ದಿನಕ್ಕೆ ಇಂತಿಷ್ಟು ಹೊತ್ತು ಎಂದು ಗೊತ್ತು ಮಾಡಿಕೊಂಡು ಕೂರಿ. ಇಂದು ಮೊಬೈಲಿನಲ್ಲಿ ಕೇಳಿದರೆ ಕ್ಷಣದಲ್ಲಿ ಕವಿತೆ ಸಿಗುತ್ತದೆ. ಅದು ನಿಮ್ಮದಾಗದು, ಏಕೆಂದರೆ ನಿಮ್ಮ ಅಂಗಳ ಅದರಲ್ಲಿಲ್ಲ.

ಕೊನೆಯದಾಗಿ ಪಾಲಕರಲ್ಲಿ ಒಂದು ವಿನಂತಿ. ಹತ್ತನೆಯ ತರಗತಿಯವರೆಗೆ ಚಿತ್ರ ಬಿಡಿಸುತ್ತಿದ್ದ, ಪ್ರಬಂಧದಲ್ಲಿ ಬಹುಮಾನ ತಂದ ಎಷ್ಟೋ ಹೆಣ್ಣುಮಕ್ಕಳ ನೋಟ್‌ಬುಕ್ಕುಗಳು ಆಮೇಲೆ ಅಟ್ಟ ಸೇರುತ್ತವೆ. "ಇದರಿಂದ ಹೊಟ್ಟೆ ತುಂಬುತ್ತದೆಯೇ?" ಎಂದು ನಾವು ಕೇಳುತ್ತೇವೆ. ನಿಸಾರ್ ಅಹಮದರು ಅಧ್ಯಾಪಕರಾಗಿದ್ದರು, ಬೊಳುವಾರರು ಬ್ಯಾಂಕಿನಲ್ಲಿದ್ದರು, ಬಾನು ಅವರು ವಕೀಲೆ. ಹೊಟ್ಟೆಗೆ ಉದ್ಯೋಗ, ಮನಸ್ಸಿಗೆ ಕಲೆ. ಇವೆರಡಕ್ಕೂ ಜಗಳವಿಲ್ಲ. ಮಗಳನ್ನು ಮುಂದೆ ಓದಿಸಿ. ಮನೆಗೆಲಸದ ನಡುವೆ ಅವಳಿಗೆ ದಿನಕ್ಕೆ ಅರ್ಧ ಗಂಟೆ ಬಿಡುವು ಮಾಡಿಕೊಡಿ. ಅದಕ್ಕೆ ನಮಗೆ ಖರ್ಚೇನೂ ಇಲ್ಲ. ಕೊಡದಿದ್ದರೆ ಆಗುವ ನಷ್ಟಕ್ಕೆ ಲೆಕ್ಕವಿಲ್ಲ.

ಮುಂದಿನ ವಾರ್ಷಿಕ ಸಂಚಿಕೆಯಲ್ಲಿ ಇಡಗುಂದಿಯ ಮಕ್ಕಳೇ ಬರೆದ ಕಥೆ, ಕವನಗಳು ತುಂಬಿರಲಿ ಎಂದು ಹಾರೈಸುತ್ತೇನೆ.