ಒಂದೆಲಗ ಮತ್ತು ಅದರ ನೆಂಟರು

(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು, ಕನ್ನಡ ಕಲಿಸುವ ನನಗೆ ಗಿಡಗಳ ವಿಷಯ ಏಕೆ ಎಂದು ನೀವು ಕೇಳಬಹುದು. ಗಿಡ ಗುರುತಿಸುವಾಗ ಮೊದಲ ಗೊಂದಲ ಹುಟ್ಟುವುದೇ ಹೆಸರಿನಲ್ಲಿ. 'ಬ್ರಾಹ್ಮಿ' ಎಂಬ ಪದವನ್ನೇ ತೆಗೆದುಕೊಳ್ಳಿ. ಒಬ್ಬರು ಈ ಹೆಸರಿನಿಂದ ಒಂದೆಲಗವನ್ನು ಕರೆದರೆ, ಇನ್ನೊಬ್ಬರು ನೀರುಬ್ರಾಹ್ಮಿಯನ್ನು ಕರೆಯುತ್ತಾರೆ. ಎರಡೂ ಜೌಗು ನೆಲದಲ್ಲಿ ಹಬ್ಬುತ್ತವೆ. ಆದರೆ ನೀರುಬ್ರಾಹ್ಮಿಯ ಎಲೆಗಳು ಚಿಕ್ಕವು, ದಪ್ಪ, ಎದುರುಬದುರಾಗಿ ಜೋಡಿಯಲ್ಲಿರುತ್ತವೆ. ಅದು ಬೇರೆಯೇ ಕುಟುಂಬದ್ದು. ಒಂದೆಲಗದ ನೆಂಟರೆಂದರೆ ಗಜ್ಜರಿ, ಕೊತ್ತಂಬರಿ, ಜೀರಿಗೆ, ಸೋಂಪು, ಓಮ, ಸಬ್ಬಸಿಗೆ. ನಮ್ಮ ಬಿರಿಯಾನಿಗೆ ಬೀಳುವ ಶಾಜೀರಿಗೆಯೂ ಇದೇ ಮನೆತನದ್ದು!

ಕೊತ್ತಂಬರಿ ಗಿಡ ಹೂಬಿಟ್ಟಾಗ ಗಮನಿಸಿ. ಒಂದೇ ಬಿಂದುವಿನಿಂದ ಕೊಡೆಯ ಕಡ್ಡಿಗಳಂತೆ ತೊಟ್ಟುಗಳು ಹರಡಿ, ತುದಿಯಲ್ಲಿ ಸಣ್ಣ ಹೂಗಳಿರುತ್ತವೆ. ಕಾಯಿ ಒಣಗಿದಾಗ ಎರಡು ಹೋಳಾಗುತ್ತದೆ. ಇದು ಈ ಕುಟುಂಬದ ಗುರುತು. ಕುಟುಂಬ ತಿಳಿಯಿತು ಎಂದರೆ ತಿನ್ನಬಹುದು ಎಂದಲ್ಲ. ಈ ಕುಟುಂಬದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಅಡುಗೆಮನೆಯವರೂ ಇದ್ದಾರೆ, ಕೊಲೆಗಾರರೂ ಇದ್ದಾರೆ. ಕ್ರಿ.ಪೂ. 399ರಲ್ಲಿ ಸಾಕ್ರೆಟಿಸ್‌ಗೆ ಕುಡಿಸಿದ ಹೆಮ್ಲಾಕ್ ಇದೇ ಕುಟುಂಬದ್ದು. ಫಾರ್ಸಿಯಲ್ಲಿ ಅದಕ್ಕೆ 'ಶೌಕರಾನ್' ಎನ್ನುತ್ತಾರೆ.

ಅತ್ಯಂತ ಅಪಾಯಕಾರಿಯಾದವು ನೀರಿನಂಚಿನಲ್ಲೇ ಇವೆ. ಅವು ಹೆಚ್ಚಾಗಿ ಯುರೋಪ್, ಅಮೆರಿಕಗಳ ಗಿಡಗಳು. ಆದರೆ ನಮ್ಮ ಮಕ್ಕಳು ಓದಲು ಅಲ್ಲಿಗೂ ಹೋಗುತ್ತಿದ್ದಾರೆ, ಆದ್ದರಿಂದ ಹೇಳುತ್ತೇನೆ. 1992ರ ಅಕ್ಟೋಬರ್‌ನಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಇಬ್ಬರು ಸಹೋದರರು ಕಾಡು ಜಿನ್ಸೆಂಗ್ ಬೇರು ಹುಡುಕಲು ಹೋದರು. ಜೌಗಿನಲ್ಲಿ ಸಿಕ್ಕಿದ ಒಂದು ಗಿಡವನ್ನು 23 ವರ್ಷದ ತಮ್ಮ ಕಿತ್ತು, ಅದರ ಬೇರನ್ನು ಮೂರು ಸಲ ಕಚ್ಚಿ ತಿಂದ. 39 ವರ್ಷದ ಅಣ್ಣ ಒಂದು ಸಲ. ಅರ್ಧ ಗಂಟೆಯೊಳಗೆ ತಮ್ಮನಿಗೆ ವಾಂತಿ, ಫಿಟ್ಸ್ ಶುರುವಾಯಿತು. ಕೆಲವೇ ಗಂಟೆಗಳಲ್ಲಿ ಆತ ತೀರಿಕೊಂಡ. ಅಣ್ಣನಿಗೂ ಫಿಟ್ಸ್ ಬಂತು, ಆದರೆ ಬದುಕಿದ. ಅದು ವಾಟರ್ ಹೆಮ್ಲಾಕ್. ಸ್ಕಾಟ್ಲೆಂಡಿನಲ್ಲಿ ರಜೆಗೆ ಹೋಗಿದ್ದ ಯುವಕ ಯುವತಿಯರು ಹಳ್ಳದ ಬದಿಯ ಬೇರುಗಳನ್ನು ಕರಿಗೆ ಹಾಕಿ ಬೇಯಿಸಿ ತಿಂದು ಆಸ್ಪತ್ರೆ ಸೇರಿದ್ದನ್ನು ಅಲ್ಲಿನ ವೈದ್ಯರು 2002ರಲ್ಲಿ ವರದಿ ಮಾಡಿದರು. ಅದು ವಾಟರ್ ಡ್ರಾಪ್‌ವರ್ಟ್. ಬೆರಳುಗಳಂತಿರುವ ಅದರ ಬಿಳಿ ಗೆಡ್ಡೆಗಳಿಗೆ 'ಸತ್ತವನ ಬೆರಳು' ಎಂಬ ಹೆಸರಿದೆ.

ವಿಚಿತ್ರವೆಂದರೆ ಇದರ ತೀರಾ ಹತ್ತಿರದ ಸಂಬಂಧಿಯೊಂದನ್ನು ನಮ್ಮ ದೇಶದ ಮಣಿಪುರದಲ್ಲಿ 'ಕೊಂಪ್ರೆಕ್' ಎಂದು ಸೊಪ್ಪಾಗಿ ತಿನ್ನುತ್ತಾರೆ. ಅಲ್ಲಿನವರು ಅದನ್ನು ತಲೆಮಾರುಗಳಿಂದ ಬಲ್ಲರು. ಅದನ್ನು ತಿಂದು ಅಭ್ಯಾಸವಿರುವವರು ಬ್ರಿಟನ್ನಿನ ಹಳ್ಳದ ದಂಡೆಯಲ್ಲಿ ಅಂಥದ್ದೇ ಗಿಡ ಕಂಡು ಕೈ ಹಾಕಬಾರದು. ಮೂಗು, ನಾಲಗೆಗಳ ಸಾಕ್ಷ್ಯವೂ ಇಲ್ಲಿ ನಡೆಯದು. ವಾಟರ್ ಹೆಮ್ಲಾಕಿನ ಬೇರಿಗೆ ಗಜ್ಜರಿಯಂಥ ವಾಸನೆ. ರುಚಿ ನೋಡಿ ಪರೀಕ್ಷಿಸುವ ಅಭ್ಯಾಸವೇ ಬೇಡ.

ಇನ್ನು ನಮ್ಮ ಒಂದೆಲಗ. ತುಳುವಿನಲ್ಲಿ ತಿಮರೆ. ಗದ್ದೆಯ ಬದು, ಕೆರೆಯಂಚು, ಅಡಿಕೆ ತೋಟದ ಕಾಲುವೆಗಳಲ್ಲಿ ಸಿಗುತ್ತದೆ. ಎಲೆಯೊಂದನ್ನೇ ಕಿತ್ತು ತೀರ್ಮಾನಿಸಬೇಡಿ, ಬಳ್ಳಿಯನ್ನೇ ಎತ್ತಿ ನೋಡಿ. ತೆಳ್ಳಗಿನ ಕಾಂಡ ನೆಲದ ಮೇಲೆ ಹರಿದು, ಗಿಣ್ಣುಗಿಣ್ಣಿಗೆ ಬೇರು ಬಿಟ್ಟಿರಬೇಕು. ಎಲೆ ಮೂತ್ರಪಿಂಡದ ಆಕಾರ, ಅಂಚು ಅಲೆಅಲೆ, ಉದ್ದನೆಯ ತೊಟ್ಟು ಎಲೆಯ ಸೀಳಿನ ಬಳಿ ಸೇರಿರಬೇಕು. ಅಲಂಕಾರಕ್ಕೆ ನೀರಿನ ಕುಂಡದಲ್ಲಿ ಬೆಳೆಸುವ ದುಂಡೆಲೆಯ ಗಿಡವೊಂದಿದೆ; ಅದರ ತೊಟ್ಟು ಕೊಡೆಯ ಕೋಲಿನಂತೆ ಎಲೆಯ ನಡುವಿಗೇ ಸೇರುತ್ತದೆ. ಎಲೆ ಒಂದೆಲಗದಂತೆ ಕಂಡು, ಗಂಟೆಯಾಕಾರದ ಹಳದಿ ಹೂ ಬಿಟ್ಟಿದ್ದರೆ ಅದು ಗೆಣಸಿನ ಕುಟುಂಬದ ಬಳ್ಳಿ. ಒಂದೆಲಗದ ಹೂ ಬಹಳ ಸಣ್ಣದು, ನಸುಗೆಂಪು, ಎಲೆಗಳ ಅಡಿಯಲ್ಲಿ ಅಡಗಿರುತ್ತದೆ.

ಸರಿಯಾದ ಒಂದೆಲಗವೇ ಆದರೂ ಚರಂಡಿ ನೀರು ಹರಿಯುವಲ್ಲಿ, ಕೀಟನಾಶಕ ಸಿಂಪಡಿಸಿದ ಗದ್ದೆಯಲ್ಲಿ ಕೀಳಬೇಡಿ. ಮಣ್ಣಿನ ವಿಷಲೋಹಗಳನ್ನೂ ಅದು ಹೀರಿಕೊಳ್ಳುತ್ತದೆ. ಹಿತ್ತಲಿನ ಕುಂಡದಲ್ಲಿ ಒಂದು ಗಿಣ್ಣು ನೆಟ್ಟರೆ ಚಟ್ನಿಗೆ, ತಂಬುಳಿಗೆ ಸಾಕಾಗುವಷ್ಟು ಸಿಗುತ್ತದೆ.

ಯಾರಾದರೂ ಗುರುತಿಲ್ಲದ ಗಿಡ ತಿಂದರೆ ಲಕ್ಷಣ ಕಾಣಲಿ ಎಂದು ಕಾಯಬೇಡಿ. ಮನೆಯಲ್ಲಿ ವಾಂತಿ ಮಾಡಿಸಲು ಹೋಗಬೇಡಿ. ನಡುವೆ ಫಿಟ್ಸ್ ಬಂದರೆ ಉಸಿರುಗಟ್ಟಬಹುದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ತಿಂದು ಉಳಿದ ತುಂಡನ್ನು, ಬೇರು ಸಮೇತ ಸಿಕ್ಕರೆ ಇಡೀ ಗಿಡವನ್ನು, ಚೀಲದಲ್ಲಿ ಹಾಕಿಕೊಂಡು ವೈದ್ಯರಿಗೆ ತೋರಿಸಿ.