ಈ ಪಿಟೀಲು ಮೊದಲು ಯಾರದು?



ಜರ್ಮನಿಗೆ ಬಂದ ಮೇಲೆ ನಮ್ಮಲ್ಲಿ ಅನೇಕರು ಮಕ್ಕಳನ್ನು ಪಿಟೀಲು, ಪಿಯಾನೊ ತರಗತಿಗೆ ಸೇರಿಸಿದ್ದೇವೆ. ಹೊಸ ವಾದ್ಯ ದುಬಾರಿ, ಹಾಗಾಗಿ ಹಳೆಯದನ್ನು ಹುಡುಕುತ್ತೇವೆ. ನಾದ ಹೇಗಿದೆ, ಬೆಲೆ ಎಷ್ಟು ಎಂದು ಕೇಳುತ್ತೇವೆ. ಮೊದಲು ಯಾರ ಮನೆಯಲ್ಲಿತ್ತು ಎಂದು ಕೇಳುವುದಿಲ್ಲ. ಆ ಪ್ರಶ್ನೆಯ ಬಗ್ಗೆಯೇ ಇವತ್ತು ನಾಲ್ಕು ಮಾತು.

ನಾಜಿಗಳು ಚಿತ್ರಗಳನ್ನು ದೋಚಿದ್ದು ಎಲ್ಲರಿಗೂ ಗೊತ್ತು. ಸಂಗೀತದ ಆಸ್ತಿ ದೋಚಲೂ ಅವರಲ್ಲಿ ಪ್ರತ್ಯೇಕ ತಂಡವಿತ್ತು. ಅದರ ಹೆಸರು ‘ಸೋಂಡರ್‌ಸ್ಟಾಬ್ ಮ್ಯೂಸಿಕ್’. ಮುಖ್ಯಸ್ಥ ಹೆರ್ಬರ್ಟ್ ಗೆರಿಕ್, ಸಂಗೀತಶಾಸ್ತ್ರ ಓದಿದ ವಿದ್ವಾಂಸ! 1940ರಲ್ಲಿ ಹಾರ್ಪ್ಸಿಕಾರ್ಡ್ ವಾದಕಿ ವಾಂಡಾ ಲಾಂಡೋವ್ಸ್ಕಾ ಅವರ ಪ್ಯಾರಿಸ್ ಸಮೀಪದ ಮನೆಯಿಂದ ವಾದ್ಯ, ಗ್ರಂಥಗಳನ್ನು ಸಾಗಿಸಿದರು. 1942ರಿಂದ ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್‌ಗಳಲ್ಲಿ ಯಹೂದಿಗಳ ಮನೆಗಳನ್ನೇ ಬರಿದು ಮಾಡಿದರು. ಪಾತ್ರೆಪಗಡಿಯ ಜೊತೆ ಪಿಯಾನೊಗಳೂ ಹೋದವು.

ಹಿಂದಿರುಗಿಸುವುದು ಎಷ್ಟು ಕಷ್ಟ ಎನ್ನಲು ಒಂದು ಉದಾಹರಣೆ. ಸ್ಪೈಯರ್ ಊರಿನ ಯಹೂದಿ ಸಂಗೀತ ವ್ಯಾಪಾರಿ ಫೆಲಿಕ್ಸ್ ಹಿಲ್ಡೆಸ್‌ಹೈಮರ್ 1938ರಲ್ಲಿ ಒಂದು ಗ್ವಾರ್ನೇರಿ ಪಿಟೀಲು ಕೊಂಡರು. 1706ರಲ್ಲಿ ತಯಾರಾದದ್ದು. ಮರುವರ್ಷ ಅವರು ಪ್ರಾಣ ಕಳೆದುಕೊಂಡರು. ಆಮೇಲೆ ಪಿಟೀಲು ಎಲ್ಲಿತ್ತೆಂಬುದಕ್ಕೆ ದಾಖಲೆಯಿಲ್ಲ. 1974ರಲ್ಲಿ ವಾದಕಿ ಸೋಫಿ ಹಾಗೆಮನ್ ಅದನ್ನು ಕೊಂಡರು. ಅವರ ನಂತರ ಅದು ನ್ಯೂರೆಂಬರ್ಗಿನ ಪ್ರತಿಷ್ಠಾನವೊಂದಕ್ಕೆ ಬಂತು. 2016ರಲ್ಲಿ ಜರ್ಮನಿಯ ಸಲಹಾ ಆಯೋಗ ಒಂದು ದಾರಿ ತೋರಿಸಿತು: ಪಿಟೀಲು ಪ್ರತಿಷ್ಠಾನದಲ್ಲೇ ಇರಲಿ, ವಾರಸುದಾರರಿಗೆ 1 ಲಕ್ಷ ಯೂರೊ ಕೊಡಲಿ. ವರ್ಷಗಳು ಕಳೆದರೂ ಹಣ ಬರಲಿಲ್ಲ. 2021ರಲ್ಲಿ ಆಯೋಗವೇ ಇದನ್ನು ಬಹಿರಂಗವಾಗಿ ಹೇಳಿತು. ಆ ವರ್ಷ ರಾಜಿಯಾಯಿತು.

ಅಷ್ಟು ತಡವೇಕೆ? ಆಯೋಗದ ಮಾತು ಬರೀ ಶಿಫಾರಸಾಗಿತ್ತು. 1998ರಲ್ಲಿ 44 ದೇಶಗಳು ಒಪ್ಪಿದ ವಾಷಿಂಗ್ಟನ್ ತತ್ವಗಳಿಗೂ ಕಾನೂನಿನ ಬಲವಿಲ್ಲ. ಇಲ್ಲಿನ ಕೋರ್ಟಿಗೆ ಹೋದರೆ 30 ವರ್ಷದ ಕಾಲಮಿತಿ ಅಡ್ಡ ಬರುತ್ತದೆ. ಮನೆ ಮಠ ಬಿಟ್ಟು ಓಡಿದವರು ರಸೀದಿ ಎಲ್ಲಿಂದ ತರಬೇಕು? ಹೆಸರಾಂತ ಪಿಟೀಲಿನ ಕತೆಯೇ ಹೀಗಾದರೆ, ಮಗುವೊಂದು ಸರಳೆ ನುಡಿಸುತ್ತಿದ್ದ ಸಾಧಾರಣ ಪಿಯಾನೊವನ್ನು ಕೇಳುವವರು ಯಾರು?

ಆದ್ದರಿಂದ ಕೇಳಬೇಕಾದವರು ಇವತ್ತು ವಾದ್ಯ ಕೈಯಲ್ಲಿ ಹಿಡಿದವರು. ಅವರಲ್ಲಿ ನಾವೂ ಇದ್ದೇವೆ. ಹಳೆಯ ವಾದ್ಯ ಕೊಳ್ಳುವಾಗ 1933ರಿಂದ 1945ರವರೆಗೆ ಇದು ಯಾರ ಬಳಿ ಇತ್ತೆಂದು ವಿಚಾರಿಸಿ. ಪಿಟೀಲಿನ ಒಳಗಿನ ಚೀಟಿ, ಪಿಯಾನೊದ ನಂಬರು ಬರೆದಿಟ್ಟುಕೊಳ್ಳಿ. ಮ್ಯಾಗ್ಡೆಬರ್ಗಿನ ಸಂಸ್ಥೆ ನಡೆಸುವ ‘ಲಾಸ್ಟ್ ಆರ್ಟ್’ ಪಟ್ಟಿಯಲ್ಲಿ ಯಾರು ಬೇಕಾದರೂ ಹುಡುಕಬಹುದು, ಹಣ ಕೊಡಬೇಕಿಲ್ಲ. ಬಹುಪಾಲು ಸಲ ಏನೂ ಸಿಗಲಿಕ್ಕಿಲ್ಲ. ಆದರೂ ಕೇಳೋಣ. ದುಡಿಯಲು ಬಂದ ನಮಗೆ ಈ ದೇಶ ಮನೆಯಾಗಿದೆ. ಅದರ ಸಂಗೀತ ನಮ್ಮ ಮಕ್ಕಳದ್ದೂ ಆಗುತ್ತಿದೆ. ಅದರ ಈ ಬಾಕಿಯಲ್ಲೂ ನಮಗೆ ಪಾಲಿದೆ.